ಜಠರವಿಲ್ಲದೆ ಹುಟ್ಟುವ ಬೇಟೆಗಾರರು

ದೊಡ್ಡ ಅಂಜಲ್ ಕೊಯ್ಯಿಸಿಕೊಂಡವರು ಇದನ್ನು ನೋಡಿರುತ್ತಾರೆ. ಹೊಟ್ಟೆ ಸೀಳಿದಾಗ ಒಮ್ಮೊಮ್ಮೆ ಒಳಗಿಂದ ಇಡೀ ಬೂತಾಯಿ ಹೊರಬರುತ್ತದೆ. ತಲೆ ಕರಗಿಹೋಗಿ, ಬೆನ್ನೆಲುಬು ತೆರೆದುಕೊಂಡು, ಬಾಲದ ಕಡೆಗಷ್ಟೇ ಹೊಳಪು ಉಳಿದಿರುವ ಬೂತಾಯಿ. ಅದನ್ನು ಹಿಡಿದಿಟ್ಟಿದ್ದ ಚೀಲವೇ ಜಠರ. ಹೊರಗೆ ದಪ್ಪ ಸ್ನಾಯು, ಒಳಗೆ ಸುಕ್ಕುಗಟ್ಟಿದ ಪದರ, ಆ ಪದರದಿಂದ ಮುಳ್ಳನ್ನೂ ಮೆತ್ತಗಾಗಿಸುವ ಆಮ್ಲ. ಇನ್ನೊಂದು ಮೀನನ್ನು ಇಡಿಯಾಗಿ ನುಂಗಿ ಬದುಕುವ ಪ್ರಾಣಿಗೆ ಸಾಮಾನ್ಯವಾಗಿ ಇಂಥದ್ದೊಂದು ಅಂಗ ಇಲ್ಲದೆ ನಡೆಯದು.

ಆದರೂ ಸಮುದ್ರದ ಬಹುಪಾಲು ಬೇಟೆಗಾರ ಮೀನುಗಳು ಹುಟ್ಟುವಾಗ ಅವಕ್ಕೆ ಜಠರ ಇರುವುದಿಲ್ಲ. ಸೀಬಾಸ್, ಮುರು ಮೀನು, ಕೋಬಿಯಾ ಎಲ್ಲವೂ ಹೀಗೆಯೇ. ಬಾಯಿ ತೆರೆದು ಮೊದಲ ತುತ್ತು ನುಂಗುವ ದಿನವೂ ಜಠರ ಸಿದ್ಧವಾಗಿರುವುದಿಲ್ಲ. ಅದು ಬರುವುದು ಆಮೇಲೆ, ಕೆಲವಕ್ಕೆ ಎರಡು ವಾರದ ನಂತರ, ಕೆಲವಕ್ಕೆ ಇನ್ನೂ ತಡವಾಗಿ. ಆ ಮರಿ ಏನು ತಿನ್ನಬಲ್ಲದು, ಎಷ್ಟು ವೇಗವಾಗಿ ಬೆಳೆಯುತ್ತದೆ, ಅದನ್ನು ತೊಟ್ಟಿಯಲ್ಲಿ ಸಾಕಲು ಎಷ್ಟು ಖರ್ಚಾಗುತ್ತದೆ ಎಂಬುದೆಲ್ಲ ಬಹುಮಟ್ಟಿಗೆ ಜಠರ ಬರುವ ಆ ದಿನದ ಮೇಲೆ ನಿಂತಿದೆ. ಮೀನಿನ ವಿಚಾರ ಬಂದಾಗ ನಾವು ದೋಣಿ, ಬಲೆ, ದರದ ಬಗ್ಗೆ ಸಾಕಷ್ಟು ಮಾತಾಡುತ್ತೇವೆ. ಮೀನಿನ ಲೆಕ್ಕದ ದೊಡ್ಡ ಪಾಲು ಅದಕ್ಕೂ ಬಹಳ ಮೊದಲೇ, ಕೂದಲೆಳೆಯಷ್ಟು ಸಣ್ಣ ಕರುಳಿನಲ್ಲಿ ತೀರ್ಮಾನವಾಗಿಬಿಟ್ಟಿರುತ್ತದೆ.

ಸೀಬಾಸನ್ನೇ ತೆಗೆದುಕೊಳ್ಳೋಣ. ಗೋವೆ, ಕಾರವಾರದ ಕೊಂಕಣಿಗರಿಗೆ ಇದು ಚೊಣಕ್, ಆಸ್ಟ್ರೇಲಿಯದವರಿಗೆ ಬಾರಾಮುಂಡಿ. ಸಿಹಿನೀರು, ಉಪ್ಪುನೀರು ಎರಡರಲ್ಲೂ ಬದುಕುವ ಈ ಮೀನು ಮೊಟ್ಟೆಯಿಡುವುದು ಮಾತ್ರ ಉಪ್ಪುನೀರಿನಲ್ಲಿ, ಅಳಿವೆಯ ಬಾಯಿಯ ಹತ್ತಿರ, ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನ ರಾತ್ರಿಗಳಲ್ಲಿ. ಒಂದು ದೊಡ್ಡ ಹೆಣ್ಣು ಹಾಕುವ ಮೊಟ್ಟೆಗಳು ಹತ್ತಾರು ಲಕ್ಷ. ಒಂದೊಂದು ಮೊಟ್ಟೆಯೂ ಮುಕ್ಕಾಲು ಮಿಲಿಮೀಟರಿಗಿಂತ ತುಸು ದೊಡ್ಡದು, ಗಾಜಿನಷ್ಟು ಪಾರದರ್ಶಕ, ಒಳಗೊಂದು ಎಣ್ಣೆಯ ಹನಿ. ನೀರು 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಂದು ದಿನ ತುಂಬುವ ಮೊದಲೇ, ಸುಮಾರು 17-18 ಗಂಟೆಗಳಲ್ಲಿ, ಮೊಟ್ಟೆ ಒಡೆಯುತ್ತದೆ.

ಹೊರಬಂದ ಮರಿಯ ಉದ್ದ ಒಂದೂವರೆ ಮಿಲಿಮೀಟರ್. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮೊದಲು ಕಾಣುವುದು ಅದರ ಅರ್ಧ ಮೈಯನ್ನು ಆವರಿಸಿರುವ ಹಳದಿ ಚೀಲ, ಅದರ ಮುಂಭಾಗದಲ್ಲಿ ಮಿನುಗುವ ಎಣ್ಣೆ ಹನಿ. ಕಣ್ಣಿಗೆ ಇನ್ನೂ ಬಣ್ಣ ಬಂದಿಲ್ಲ, ಹಾಗಾಗಿ ಕಾಣಿಸುವುದಿಲ್ಲ. ಬಾಯಿ ಮುಚ್ಚಿದೆ, ಗುದದ್ವಾರವೂ ಮುಚ್ಚಿದೆ. ಹಳದಿ ಚೀಲದ ಮೇಲೆ ಬೆನ್ನುಮೂಳೆಯ ಕೆಳಗೆ ಒಂದು ನೇರ ಗೆರೆ ಹಾಯ್ದಿರುತ್ತದೆ. ಜೀರ್ಣಾಂಗ ವ್ಯೂಹ ಎಂದು ಸದ್ಯಕ್ಕೆ ಇರುವುದು ಅದೊಂದೇ, ಎಲ್ಲೂ ತಿರುವಿಲ್ಲದ, ಇಲ್ಲಿಂದ ಇಲ್ಲಿಯವರೆಗೆ ಇಂಥ ಭಾಗ ಎಂದು ಗುರುತಿಸಲಾಗದ ಒಂದು ಕೊಳವೆ.

ಮುಂದಿನ ಎರಡು ದಿನಗಳಲ್ಲಿ ಆಗುವ ಕೆಲಸ ಅಚ್ಚರಿ ಹುಟ್ಟಿಸುತ್ತದೆ. ತಾಯಿ ಕಟ್ಟಿಕೊಟ್ಟ ಬುತ್ತಿಯಾದ ಈ ಹಳದಿ ಕರಗುತ್ತ ಹೋದಂತೆ ಕಣ್ಣಿಗೆ ಕಪ್ಪು ಬಣ್ಣ ಬರುತ್ತದೆ, ದವಡೆ ರೂಪುಗೊಳ್ಳುತ್ತದೆ, ಕೊಳವೆಯ ಬದಿಯಲ್ಲಿ ಯಕೃತ್ತು, ಮೇದೋಜೀರಕ ಗ್ರಂಥಿ ಮೂಡುತ್ತವೆ. ಕೊಳವೆ ಒಂದು ಸುತ್ತು ಬಳಸಿಕೊಂಡು ಅನ್ನನಾಳ, ಕರುಳು, ಹಿಂಗರುಳು ಎಂದು ವಿಂಗಡವಾಗುತ್ತದೆ. ಎರಡನೇ ದಿನ ಬಾಯಿ ತೆರೆಯುತ್ತದೆ. ಕಣ್ಣು ಕಾಣುವುದು, ಬಾಯಿ ತೆರೆಯುವುದು, ಕರುಳು ಅರಗಿಸಲು ಸಿದ್ಧವಾಗುವುದು ಈ ಮೂರೂ ಕೆಲವೇ ಗಂಟೆಗಳ ಅಂತರದಲ್ಲಿ ಒಟ್ಟಿಗೆ ಮುಗಿಯಬೇಕು. ಒಂದು ಹಿಂದೆ ಬಿದ್ದರೂ ಮರಿ ಉಳಿಯದು.

ಏಕೆಂದರೆ ಹಳದಿ ಚೀಲ ಅಷ್ಟರೊಳಗೆ ಬರಿದಾಗಿರುತ್ತದೆ. ಸೀಬಾಸ್ ಮರಿಯ ಶಕ್ತಿಯ ಲೆಕ್ಕವನ್ನು 1986ರಲ್ಲಿ ಪ್ರಕಟಿಸಿದ ಜಪಾನಿನ ಕೊಹ್ನೊ ಮತ್ತು ಸಂಗಡಿಗರ ಅಧ್ಯಯನ ಇದನ್ನು ಗಂಟೆ ಗಂಟೆಯಾಗಿ ಅಳೆದಿತ್ತು. ಹಳದಿ ಮುಗಿಯುವುದು ಮೊಟ್ಟೆಯೊಡೆದ ಸುಮಾರು 50 ಗಂಟೆಗಳಿಗೆ. ಎಣ್ಣೆ ಹನಿ ಐದನೇ ದಿನದವರೆಗೆ ಉಳಿದಿರುತ್ತದೆ. ಒಳಗಿನ ಬುತ್ತಿ ಪೂರ್ತಿ ಮುಗಿಯುವ ಮೊದಲು ಹೊರಗಿನ ಆಹಾರ ಸಿಗಲು ಶುರುವಾಗಬೇಕು. ಎರಡೂ ಜೊತೆಗೂಡಿ ನಡೆಯುವ ಈ ಎರಡು-ಮೂರು ದಿನಗಳೇ ಮರಿಗೆ ಸಿಗುವ ಅವಕಾಶ.

ಜಠರವಿಲ್ಲದ ಮರಿ ಅರಗಿಸಿಕೊಳ್ಳುವುದಾದರೂ ಹೇಗೆ? ನಮ್ಮ ಜಠರ ಮಾಡುವ ಕೆಲಸ ಎರಡು. ಊಟವನ್ನು ಕೂಡಿಟ್ಟುಕೊಂಡು ಸ್ವಲ್ಪ ಸ್ವಲ್ಪವಾಗಿ ಕೆಳಗೆ ಬಿಡುವುದು ಒಂದು. ಆಮ್ಲ ಮತ್ತು ಪೆಪ್ಸಿನ್ ಎಂಬ ಕಿಣ್ವದಿಂದ ಪ್ರೋಟೀನಿನ ಉದ್ದ ಸರಪಳಿಯನ್ನು ಕಡಿಯುವುದು ಇನ್ನೊಂದು. ಮರಿಗೆ ಎರಡೂ ಇಲ್ಲ. ಅದರ ಕರುಳಿನೊಳಗಿನ ದ್ರವ ಕ್ಷಾರೀಯ. ಮೇದೋಜೀರಕ ಗ್ರಂಥಿ ಸುರಿಸುವ ಟ್ರಿಪ್ಸಿನ್ ಅಲ್ಲಿ ಪ್ರೋಟೀನನ್ನು ತಕ್ಕಮಟ್ಟಿಗೆ ಕತ್ತರಿಸುತ್ತದೆ. ಪೂರ್ತಿ ಕತ್ತರಿಸಲಾಗದೆ ಉಳಿದದ್ದನ್ನು ಹಿಂಗರುಳಿನ ಜೀವಕೋಶಗಳು ಹಾಗೆಯೇ ಒಳಗೆಳೆದುಕೊಳ್ಳುತ್ತವೆ. ಜೀವಕೋಶದ ಹೊರಪೊರೆ ತಗ್ಗಾಗಿ, ಪ್ರೋಟೀನಿನ ತುಣುಕನ್ನು ಸುತ್ತುವರಿದು, ಪುಟ್ಟ ಗುಳ್ಳೆಯಾಗಿ ಒಳಸೇರಿಸಿ, ಅಲ್ಲಿ ಕರಗಿಸುತ್ತದೆ. ಹೊಟ್ಟೆತುಂಬ ತಿಂದ ಮರಿಯ ಹಿಂಗರುಳನ್ನು ತೆಳುವಾಗಿ ಕೊಯ್ದು ಬಣ್ಣ ಹಾಕಿ ನೋಡಿದರೆ ಪ್ರತಿ ಜೀವಕೋಶದ ತುದಿಯಲ್ಲೂ ಈ ಗುಳ್ಳೆಗಳು ಸಾಲುಗಟ್ಟಿರುತ್ತವೆ. ಮುಂಗರುಳಿನ ಜೀವಕೋಶಗಳಲ್ಲಿ ಇದೇ ರೀತಿ ಕೊಬ್ಬಿನ ಹನಿಗಳು. ಉಪವಾಸ ಬಿದ್ದ ಮರಿಯಲ್ಲಿ ಇವೆರಡೂ ಇರುವುದಿಲ್ಲ. ಕರುಳಿನ ಒಳಪದರ ಕುಗ್ಗಿ ಚಪ್ಪಟೆಯಾಗಿರುತ್ತದೆ, ಯಕೃತ್ತು ಬತ್ತಿರುತ್ತದೆ.

ಈ ವ್ಯವಸ್ಥೆಯಲ್ಲಿ ಅರಗುವುದು ಮೃದುವಾದ, ಸಣ್ಣ, ನೀರಿನಂಶ ಹೆಚ್ಚಿರುವ ಜೀವಿಗಳು ಮಾತ್ರ. ಒಮ್ಮೆಗೆ ಬಹಳ ಹಿಡಿಸುವುದಿಲ್ಲ. ತಿಂದದ್ದು ಕೆಲವೇ ಗಂಟೆಗಳಲ್ಲಿ ಹೊರಬರುತ್ತದೆ. ಆದ್ದರಿಂದ ಬೆಳಕಿರುವಷ್ಟು ಹೊತ್ತೂ ಮರಿ ತಿನ್ನುತ್ತಲೇ ಇರಬೇಕು. ಅದು ತಿನ್ನುವ ರೀತಿ ಮಾತ್ರ ಮೊದಲ ದಿನದಿಂದಲೇ ಬೇಟೆಗಾರನದು. ಬೇಟೆ ಕಂಡೊಡನೆ ಮರಿ ನಿಲ್ಲುತ್ತದೆ, ಎರಡೂ ಕಣ್ಣು ಅದರತ್ತ ತಿರುಗುತ್ತವೆ, ಮೈ ಬಾಗಿ ಬಿಗಿಯಾಗುತ್ತದೆ, ಮರುಕ್ಷಣ ಬಾಲ ಬೀಸಿ ಮುಂದಕ್ಕೆ ಚಿಮ್ಮುತ್ತದೆ. ಆರಂಭದ ದಿನಗಳಲ್ಲಿ ಈ ಚಿಮ್ಮುವಿಕೆ ಹೆಚ್ಚಾಗಿ ಗುರಿ ತಪ್ಪುತ್ತದೆ. ತಪ್ಪಿದಾಗಲೆಲ್ಲ ಇದ್ದ ಅಲ್ಪ ಶಕ್ತಿಯೂ ವ್ಯರ್ಥ.

ಹಸಿವಿನ ಈ ಕಿರು ಅವಧಿಗೆ ಮೀನುಗಾರಿಕೆಯ ವಿಜ್ಞಾನದಲ್ಲಿ ದೊಡ್ಡ ಇತಿಹಾಸವಿದೆ. ನಾರ್ವೆಯ ಯೋಹಾನ್ ಯೋರ್ಟ್ 1914ರಲ್ಲಿ ಒಂದು ದೀರ್ಘ ಪ್ರಬಂಧ ಬರೆದರು. ಉತ್ತರ ಯುರೋಪಿನ ಮೀನುಗಾರರು ಹಿಡಿಯುತ್ತಿದ್ದ ಹೆರ್ರಿಂಗ್ ಮೀನಿನ (ನಮ್ಮ ಬೂತಾಯಿಯ ದೂರದ ನೆಂಟ) ಹುರುಪೆ ನೋಡಿ ವಯಸ್ಸು ಎಣಿಸಿದಾಗ ವಿಚಿತ್ರವಾದೊಂದು ಸಂಗತಿ ಗೊತ್ತಾಗಿತ್ತು. ವರ್ಷದಿಂದ ವರ್ಷಕ್ಕೆ ಬಲೆಗೆ ಬೀಳುತ್ತಿದ್ದವುಗಳಲ್ಲಿ ಬಹುಪಾಲು ಒಂದೇ ವರ್ಷ, 1904ರಲ್ಲಿ, ಹುಟ್ಟಿದವು. ಹಿಂದಿನ ಮುಂದಿನ ವರ್ಷಗಳ ಮೀನು ಅದರ ಮುಂದೆ ಲೆಕ್ಕಕ್ಕೇ ಇಲ್ಲ. ಮೊಟ್ಟೆ ಪ್ರತಿ ವರ್ಷವೂ ಬೀಳುತ್ತಿದ್ದವು, ಹಾಗಾದರೆ 1904ರಲ್ಲಿ ಆದದ್ದೇನು? ಯೋರ್ಟ್ ಅವರ ಉತ್ತರ: ಹಳದಿ ಚೀಲ ಮುಗಿದು ಮರಿ ಬಾಯಿ ತೆರೆಯುವ ಹೊತ್ತಿನಲ್ಲಿ ನೀರಿನಲ್ಲಿ ತಕ್ಕ ಆಹಾರವಿದ್ದರೆ ಆ ವರ್ಷದ ಪೀಳಿಗೆ ಉಳಿಯುತ್ತದೆ, ಇಲ್ಲದಿದ್ದರೆ ಇಡೀ ಪೀಳಿಗೆಯೇ ಅಳಿಯುತ್ತದೆ. ಇಂಗ್ಲೆಂಡಿನ ಡೇವಿಡ್ ಕುಶಿಂಗ್ ಮುಂದೆ ಈ ವಿಚಾರವನ್ನು ಬೆಳೆಸಿ, ಪ್ಲವಕ (ನೀರಿನಲ್ಲಿ ತೇಲುವ ಸಣ್ಣ ಜೀವಿಗಳು) ಹೆಚ್ಚುವ ಕಾಲಕ್ಕೂ ಮರಿ ಹುಟ್ಟುವ ಕಾಲಕ್ಕೂ ಹೊಂದಾಣಿಕೆ ಕೂಡಿಬರುವುದೇ ಮುಖ್ಯ ಎಂದರು.

ಮರಿಗಳನ್ನು ತಿಂದು ಮುಗಿಸುವ ಜೆಲ್ಲಿ ಮೀನು, ದೂರಕ್ಕೆ ಒಯ್ಯುವ ಪ್ರವಾಹ ಇವೂ ಅಷ್ಟೇ ದೊಡ್ಡ ಕಾರಣ ಎಂಬುದು ಈಗ ಒಪ್ಪಿತ ಮಾತು. ಆದರೆ ಯೋರ್ಟ್ ಬೆರಳಿಟ್ಟು ತೋರಿಸಿದ ಜಾಗ ಸರಿಯಾದದ್ದೇ. 1963ರಲ್ಲಿ ಬ್ಲ್ಯಾಕ್ಸ್‌ಟರ್ ಮತ್ತು ಹೆಂಪೆಲ್ ಹೆರ್ರಿಂಗ್ ಮರಿಗಳನ್ನು ಉಪವಾಸ ಕೆಡವಿ ನೋಡಿದಾಗ, ಒಂದು ಹಂತ ದಾಟಿದ ಮೇಲೆ ಮರಿ ಜೀವಂತವಿದ್ದರೂ ಎದುರಿಗೆ ಆಹಾರ ಇಟ್ಟರೂ ತಿನ್ನಲಾರದು ಎಂದು ಖಚಿತವಾಯಿತು. ಮತ್ತೆ ಚೇತರಿಸಿಕೊಳ್ಳಲಾಗದ ಆ ಗಡಿ ತಣ್ಣೀರಿನ ಹೆರ್ರಿಂಗ್‌ಗೆ ಹಲವು ದಿನಗಳ ನಂತರ ಬರುತ್ತದೆ. ನಮ್ಮ ಸಮುದ್ರದ ಬೆಚ್ಚಗಿನ ನೀರಿನಲ್ಲಿ ದೇಹದ ವ್ಯಾಪಾರವೆಲ್ಲ ವೇಗ, ಹಾಗಾಗಿ ಗಡುವೂ ಹತ್ತಿರ.

ಈ ಗಡುವು ದಾಟಿ ಉಳಿದ ಸೀಬಾಸ್ ಮರಿ ಮೊದಲ ಎರಡು ವಾರ ಪ್ಲವಕ ತಿನ್ನುತ್ತ ಬೆಳೆಯುತ್ತದೆ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ವಾಲ್ಫರ್ಡ್ ಮತ್ತು ಲ್ಯಾಮ್ 1993ರಲ್ಲಿ ಈ ಬೆಳವಣಿಗೆಯನ್ನು ದಿನದ ಲೆಕ್ಕದಲ್ಲಿ ಹಿಂಬಾಲಿಸಿದರು. 13ನೇ ದಿನದ ಹೊತ್ತಿಗೆ ಅನ್ನನಾಳ ಮತ್ತು ಕರುಳಿನ ನಡುವಿನ ಭಾಗ ಜಠರವಾಗಿ ರೂಪುಗೊಂಡಿತ್ತು. ಆ ಭಾಗದೊಳಗಿನ ದ್ರವ 8ನೇ ದಿನ ಇನ್ನೂ ಕ್ಷಾರೀಯವೇ. 17ನೇ ದಿನಕ್ಕೆ ಪಿಎಚ್ 5ರ ಆಸುಪಾಸಿಗೆ ಇಳಿಯಿತು, 22ನೇ ದಿನಕ್ಕೆ 4ಕ್ಕಿಂತ ಕೆಳಗೆ. ಪೆಪ್ಸಿನ್ ಕೆಲಸ ಶುರುಮಾಡಿದ್ದೂ ಈ ದಿನಗಳಲ್ಲೇ. ನಮ್ಮಲ್ಲಿ ಆಮ್ಲ ಸುರಿಸಲು ಒಂದು ಬಗೆಯ ಜೀವಕೋಶ, ಪೆಪ್ಸಿನ್ನಿಗೆ ಇನ್ನೊಂದು ಬಗೆ. ಮೀನಿನಲ್ಲಿ ಒಂದೇ ಜೀವಕೋಶ ಎರಡನ್ನೂ ಮಾಡುತ್ತದೆ. ಆ ಜೀವಕೋಶಗಳ ಗ್ರಂಥಿಗಳು ಮೂಡಿದ ಮೇಲೆಯೇ ಮರಿ ನಿಜವಾದ ಮಾಂಸಾಹಾರಿ.

ಹಾಗೆಂದು ಜಠರ ಬಂದಾಗ ಹಾಯಾದ ದಿನಗಳೇನೂ ಶುರುವಾಗುವುದಿಲ್ಲ. ಸಾಕಣೆ ತೊಟ್ಟಿಯಲ್ಲಿ ಅತಿ ಹೆಚ್ಚು ನಷ್ಟವಾಗುವ ಒಂದು ಹಂತ ಶುರುವಾಗುವುದೇ ಆಗ. ಒಂದೇ ತಾಯಿಯ ಮೊಟ್ಟೆಗಳಿಂದ ಒಂದೇ ರಾತ್ರಿ ಹುಟ್ಟಿದ ಮರಿಗಳಲ್ಲೂ ಕೆಲವು ಬೇಗ ಬೆಳೆಯುತ್ತವೆ. ಹೀಗೆ ಮುಂದೆ ಹೋದದ್ದು ಹಿಂದೆ ಉಳಿದದ್ದನ್ನು ನುಂಗುತ್ತದೆ. ತನ್ನ ಉದ್ದದ ಮೂರನೇ ಎರಡರಷ್ಟು ಉದ್ದವಿರುವ ತಮ್ಮನನ್ನೂ ಸೀಬಾಸ್ ಮರಿ ಬಿಡುವುದಿಲ್ಲ. ನುಂಗಿದಷ್ಟೂ ಅದು ಇನ್ನಷ್ಟು ಬೆಳೆದು, ಅಂತರ ಹೆಚ್ಚುತ್ತ ಹೋಗುತ್ತದೆ. ಕೆಲವೊಮ್ಮೆ ನುಂಗಿದ್ದು ಗಂಟಲಲ್ಲಿ ಸಿಕ್ಕಿ ಎರಡೂ ಸಾಯುತ್ತವೆ, ಒಂದರ ಬಾಯಿಂದ ಇನ್ನೊಂದರ ಬಾಲ ಹೊರಚಾಚಿರುವಂತೆಯೇ ತೊಟ್ಟಿಯ ತಳದಲ್ಲಿ ಬಿದ್ದಿರುತ್ತವೆ. ಮರಿ ಸಾಕುವವರು ಕೆಲವು ದಿನಗಳಿಗೊಮ್ಮೆ ಜರಡಿಯಂಥ ತಟ್ಟೆಗಳಲ್ಲಿ ಮರಿಗಳನ್ನು ಸೋಸಿ, ಗಾತ್ರಕ್ಕೆ ತಕ್ಕಂತೆ ಬೇರೆ ಬೇರೆ ತೊಟ್ಟಿಗೆ ಹಾಕುವುದು ಇದಕ್ಕಾಗಿಯೇ. ಗ್ರೇಡಿಂಗ್ ಎಂದು ಕರೆಯುವ ಈ ಕೆಲಸ ತಪ್ಪಿಸಿದರೆ ಸಾವಿರಾರು ಮರಿಗಳಿದ್ದ ತೊಟ್ಟಿಯಲ್ಲಿ ಕೊನೆಗೆ ಉಳಿಯುವುದು ದಪ್ಪ ಹೊಟ್ಟೆಯ ಕೆಲವೇ ಮರಿಗಳು.

ಇನ್ನು ಅಂಜಲ್ ವಂಶದ ವಿಚಾರ. ಈ ಇಡೀ ವಿಷಯದಲ್ಲಿ ನನ್ನನ್ನು ಅತಿ ಹೆಚ್ಚು ಸೆಳೆದಿರುವುದು ಇದೇ. ಎರಡು ವಾರ ಕಾಯುವ ದಾರಿಯನ್ನು ಇವು ಹಿಡಿಯುವುದಿಲ್ಲ. ನಮ್ಮ ಅಂಜಲ್‌ನ ಹತ್ತಿರದ ಸಂಬಂಧಿಯೊಂದು ಜಪಾನಿನ ಸೆಟೊ ಒಳಸಮುದ್ರದಲ್ಲಿದೆ, ಅಲ್ಲಿ ಅದರ ಹೆಸರು ಸವಾರ. ಅದರ ಮೊಟ್ಟೆ ಸೀಬಾಸಿನದಕ್ಕಿಂತ ಎರಡರಷ್ಟು ಅಡ್ಡಳತೆಯದು. ಮರಿ ಬಾಯಿ ತೆರೆಯುವ ವೇಳೆಗಾಗಲೇ ಅದಕ್ಕೆ ದೊಡ್ಡ ದವಡೆ, ದವಡೆಯಲ್ಲಿ ಹಲ್ಲು, ಒಳಗೆ ಗ್ರಂಥಿಗಳುಳ್ಳ ಜಠರ ಎಲ್ಲವೂ ಇರುತ್ತವೆ. ಮಸಾರು ತನಕ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದನ್ನು ವಿವರಿಸಿದರು. ಸವಾರ ಮರಿಯ ಮೊದಲ ತುತ್ತೇ ಇನ್ನೊಂದು ಮೀನಿನ ಮರಿ, ಹೆಚ್ಚಾಗಿ ಬೂತಾಯಿ, ಕೊಲ್ಲತರು ಜಾತಿಯವುಗಳದು. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್ ಬಳಿಯ ನೀರಿನಲ್ಲಿ ಹಿಡಿದ ಅಂಜಲ್ ವಂಶದ ಮರಿಗಳ ಹೊಟ್ಟೆಯನ್ನು ಪರೀಕ್ಷಿಸಿ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಸಿಕ್ಕದ್ದು ಮೀನಿನ ಮರಿಗಳು, ಜೊತೆಗೆ ಮೈಯೆಲ್ಲ ಮೆತ್ತನೆಯ ಲಾರ್ವೇಸಿಯನ್ ಎಂಬ ಪ್ಲವಕ. ಹುಟ್ಟಿ ವಾರ ಕಳೆಯುವಷ್ಟರಲ್ಲಿ, ಅಕ್ಕಿ ಕಾಳಿನಷ್ಟು ಉದ್ದದ ಮರಿ ತನ್ನಷ್ಟೇ ಉದ್ದದ ಮರಿಯನ್ನು ನುಂಗಿ ಅರಗಿಸಿಕೊಳ್ಳುತ್ತದೆ.

ಇದರಿಂದ ಸಿಗುವ ಲಾಭ ಬೆಳವಣಿಗೆ. ಸವಾರ ಮರಿ ದಿನಕ್ಕೊಂದು ಮಿಲಿಮೀಟರಿಗೂ ಹೆಚ್ಚು ಬೆಳೆಯುತ್ತದೆ. ಸಣ್ಣದಾಗಿರುವಷ್ಟು ದಿನ ಎಲ್ಲರ ಬಾಯಿಗೂ ಬೀಳುವ ಭಯ. ಬೇಗ ಬೆಳೆದರೆ ಆ ದಿನಗಳು ಬೇಗ ಕಳೆಯುತ್ತವೆ. ಆದರೆ ಈ ದಾರಿಯಲ್ಲಿ ಅಪಾಯವೂ ಅಷ್ಟೇ ದೊಡ್ಡದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಕೋಪೆಪಾಡ್ ಎಂಬ ಪ್ಲವಕದ ಮರಿಗಳು ಹಲವು ಸಿಗಬಹುದು. ಮೀನಿನ ಮರಿ ಸಿಗಬೇಕಾದರೆ ಬಹಳಷ್ಟು ನೀರು ಅಲೆಯಬೇಕು. ಬೂತಾಯಿ, ಕೊಲ್ಲತರು ಮೊಟ್ಟೆಯಿಟ್ಟ ಜಾಗ, ಕಾಲಕ್ಕೆ ಸರಿಯಾಗಿ ಅಂಜಲ್ ಮರಿ ಹುಟ್ಟದಿದ್ದರೆ ಅದರ ಶೀಘ್ರ ಜಠರ ಅದನ್ನು ಉಳಿಸಲಾರದು. ಅಂಜಲ್ ಬೇಕೆನ್ನುವವರು ಬೂತಾಯಿಯ ಬಗ್ಗೆ ಯೋಚಿಸಲೇಬೇಕು. ದೊಡ್ಡ ಅಂಜಲ್ ದೊಡ್ಡ ಬೂತಾಯಿಯನ್ನು ತಿನ್ನುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಮೊದಲ ವಾರದ ಅಂಜಲ್ ಕೂಡ ಮೊದಲ ವಾರದ ಬೂತಾಯಿಯನ್ನೇ ನಂಬಿರಬಹುದು ಎಂಬುದು ನಮ್ಮ ಮೀನುಗಾರಿಕೆಯ ಚರ್ಚೆಗಳಲ್ಲಿ ಕೇಳಿಬರುವುದು ಕಡಿಮೆ.

ಸಾಕಣೆಯಲ್ಲಿ ಇದೇ ಸ್ವಭಾವ ಕಷ್ಟಕ್ಕೆ ಕಾರಣ. ಜಪಾನಿನ ಕಿಂಕಿ ವಿಶ್ವವಿದ್ಯಾಲಯ ಇದೇ ಸ್ವಭಾವದ ಬ್ಲೂಫಿನ್ ಟ್ಯೂನಾ ಸಾಕುವ ಪ್ರಯತ್ನ ಆರಂಭಿಸಿದ್ದು 1970ರಲ್ಲಿ. ಸಾಕಣೆಯಲ್ಲೇ ಹುಟ್ಟಿ ಬೆಳೆದ ಮೀನು ಮರಳಿ ಮೊಟ್ಟೆಯಿಟ್ಟದ್ದು 2002ರಲ್ಲಿ, ಮೂರು ದಶಕ ಕಳೆದ ಮೇಲೆ. ಟ್ಯೂನಾ ಮರಿಯ ಹಸಿವು ತಣಿಸಲು ಬೇರೆ ಮೀನುಗಳನ್ನು ಮೊಟ್ಟೆಯಿಡಿಸಿ, ಆಗಷ್ಟೇ ಹುಟ್ಟಿದ ಅವುಗಳ ಮರಿಗಳನ್ನು ತಿನ್ನಿಸಬೇಕಾಗುತ್ತದೆ.

ಸೀಬಾಸಿನ ಮರಿಗೆ ಅಷ್ಟು ಬೇಡ, ಅದಕ್ಕೆ ಬೇಕಾದದ್ದು ರೋಟಿಫರ್. ಕಣ್ಣಿಗೆ ಧೂಳಿನ ಕಣದಂತೆ ಕಾಣುವ, ಮಿಲಿಮೀಟರಿನ ಹತ್ತನೇ ಒಂದರಿಂದ ಮೂರರಷ್ಟು ಉದ್ದದ, ನಿಧಾನ ಈಜುವ ಜೀವಿ ಅದು. ಜಪಾನಿನ ಈಲ್ ಕೊಳಗಳಲ್ಲಿ ಒಂದು ಕಾಲಕ್ಕೆ ಪೀಡೆಯಾಗಿದ್ದ ಇದನ್ನು ಮೀನಿನ ಮರಿಗೆ ಆಹಾರವಾಗಿ ಬಳಸಬಹುದೆಂದು 1960ರ ಸುಮಾರಿಗೆ ಕಂಡುಕೊಂಡ ಮೇಲೆಯೇ ಸಮುದ್ರ ಮೀನಿನ ಮರಿ ಉತ್ಪಾದನೆ ಒಂದು ಉದ್ಯಮವಾಗಿ ಬೆಳೆದದ್ದು. ಹ್ಯಾಚರಿಯಲ್ಲಿ ಮೂರನೇ ದಿನದಿಂದ ರೋಟಿಫರ್, ಎಂಟು-ಹತ್ತನೇ ದಿನದಿಂದ ಅದಕ್ಕಿಂತ ದೊಡ್ಡದಾದ ಆರ್ಟೀಮಿಯಾ ಎಂಬ ಜೀವಿ, ಜಠರ ಬರುವ ಹೊತ್ತಿಗೆ ಪುಡಿ ಆಹಾರ. ಹಲ್ಲು ಬಾರದ ಕೂಸಿಗೆ ರೊಟ್ಟಿ ಕೊಡಲಾಗದಂತೆ, ಪುಡಿ ಆಹಾರಕ್ಕೆ ಬದಲಿಸುವ ದಿನವನ್ನು ಮುಂದೂಡಿಯೂ ಹಿಂದೂಡಿಯೂ ನಷ್ಟ ಮಾಡಿಕೊಳ್ಳಬಾರದು. ಬೇಗ ಕೊಟ್ಟರೆ ಮರಿ ತಿಂದೂ ಸೊರಗುತ್ತದೆ. ತಡಮಾಡಿದರೆ ದುಬಾರಿ ಆರ್ಟೀಮಿಯಾದ ಖರ್ಚು ಏರುತ್ತದೆ.

ಮರಿಗಳು ಪುಡಿ ಆಹಾರಕ್ಕೇಕೆ ಒಗ್ಗುವುದಿಲ್ಲ ಎಂಬ ಪ್ರಶ್ನೆಗೆ ಬಹುಕಾಲ ಕೊಡುತ್ತಿದ್ದ ಉತ್ತರವೆಂದರೆ, ಜೀವಂತ ಬೇಟೆಯೊಳಗಿನ ಕಿಣ್ವಗಳೇ ಅರಗಿಸಲು ನೆರವಾಗುತ್ತವೆ, ಪುಡಿಯಲ್ಲಿ ಅವಿಲ್ಲ ಎಂಬುದು. ಅಳೆದು ನೋಡಿದಾಗ ಈ ವಾದ ನಿಲ್ಲಲಿಲ್ಲ. ಜಪಾನಿನ ಬೂತಾಯಿ ಜಾತಿಯ ಮರಿಗಳಲ್ಲಿ 1998ರಲ್ಲಿ ಲೆಕ್ಕ ಹಾಕಿದಾಗ ಬೇಟೆಯಿಂದ ಬಂದ ಕಿಣ್ವದ ಪಾಲು ಶೇ. 1ಕ್ಕೂ ಕಡಿಮೆ. ಫ್ರಾನ್ಸಿನ ಇಫ್ರೆಮರ್ ಸಂಸ್ಥೆಯ ಕಾಹು ಮತ್ತು ಜಾಂಬೊನಿನೊ ಯುರೋಪಿನ ಸೀಬಾಸ್ ಮರಿಗಳಲ್ಲಿ ತೋರಿಸಿದ್ದು ಇನ್ನೂ ಮುಖ್ಯ: ಮರಿಗೆ ತನ್ನದೇ ಕಿಣ್ವಗಳು ಸಾಕಷ್ಟಿವೆ, ನಾವು ಕೊಡುವ ಆಹಾರ ಅವುಗಳಿಗೆ ಹೊಂದುವಂತಿಲ್ಲ, ಅಷ್ಟೇ. ಪ್ರೋಟೀನಿನ ಒಂದಿಷ್ಟು ಪಾಲನ್ನು ಮೊದಲೇ ತುಂಡರಿಸಿ, ಕೊಬ್ಬನ್ನು ಫಾಸ್ಫೋಲಿಪಿಡ್ ರೂಪದಲ್ಲಿ ಕೊಟ್ಟರೆ ಎಳೆಯ ಮರಿಗಳೂ ಪುಡಿ ತಿಂದು ಬೆಳೆದವು. ಮರಿಯ ದೋಷ ಎಂದುಕೊಂಡಿದ್ದದ್ದು ನಮ್ಮ ಅಡುಗೆಯ ದೋಷವಾಗಿತ್ತು.

ಭಾರತದಲ್ಲಿ ಸೀಬಾಸನ್ನು ಸಾಕಣೆಯಲ್ಲೇ ಮೊದಲ ಬಾರಿಗೆ ಮರಿ ಮಾಡಿಸಿದ್ದು ಚೆನ್ನೈನ ಕೇಂದ್ರೀಯ ಹಿನ್ನೀರು ಜಲಕೃಷಿ ಸಂಸ್ಥೆ, 1997ರಲ್ಲಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಮಂಡಪಂ ಕೇಂದ್ರ 2010ರಲ್ಲಿ ಕೋಬಿಯಾ, 2011ರಲ್ಲಿ ಸಿಲ್ವರ್ ಪಾಂಪನೊ ಮರಿಗಳನ್ನು ಪಡೆಯಿತು. ಕಾರವಾರದಲ್ಲಿರುವ ಅದೇ ಸಂಸ್ಥೆಯ ಕೇಂದ್ರ ಸಮುದ್ರದಲ್ಲಿ ಪಂಜರ ಕೃಷಿಯನ್ನು ನಮ್ಮ ಕರಾವಳಿಗೆ ಪರಿಚಯಿಸಿತು. ಇಂದು ಪಂಜರದಲ್ಲಿ ಸೀಬಾಸ್ ಬೆಳೆಸುವವರ ಕೈಗೆ ಬೆರಳುದ್ದದ ಮರಿ ಬರುವಷ್ಟರಲ್ಲಿ, ಅತಿ ಕಷ್ಟದ ದಿನಗಳನ್ನು ಹ್ಯಾಚರಿಯವರು ದಾಟಿಸಿರುತ್ತಾರೆ. ರಾತ್ರಿಯೆದ್ದು ತೊಟ್ಟಿಯ ನೀರಿನಲ್ಲಿ ರೋಟಿಫರ್ ಎಷ್ಟಿದೆ ಎಂದು ಎಣಿಸುವ, ಪಾಚಿ ಬೆಳೆಸಿ ಅವುಗಳಿಗೆ ಉಣಿಸುವ ಅವರ ದುಡಿಮೆ ಮರಿಯ ಬೆಲೆಯಲ್ಲಿ ಸೇರಿದೆ. ಆ ಬೆಲೆ ದುಬಾರಿಯಲ್ಲ ಎಂದೇ ನನ್ನ ಅಭಿಪ್ರಾಯ.

ಸಮುದ್ರದಲ್ಲಿ ಹುಟ್ಟುವ ಮರಿಗೆ ಇಂಥ ದಾದಿಯರಿಲ್ಲ. ಸೀಬಾಸ್ ಮರಿಗೆ ಅಲ್ಲಿರುವ ಆಸರೆ ಅಳಿವೆ, ಹಿನ್ನೀರಿನ ಗಜನಿ, ಕಾಂಡ್ಲಾ ಕಾಡಿನ ಬುಡದ ಕೆಸರುನೀರು. ಉಬ್ಬರದೊಂದಿಗೆ ಒಳಬರುವ ಮರಿ ಅಲ್ಲಿ ಪ್ಲವಕ ತಿಂದು, ಜಠರ ಕಟ್ಟಿಕೊಂಡು, ಸೀಗಡಿ ಮರಿ ಹಿಡಿಯಲು ಕಲಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಮೊಟ್ಟೆಯಿಡುವ ದೊಡ್ಡ ಮೀನಿಗೆ ಬಿಡುವು ಕೊಡುತ್ತದೆ. ಅದು ಅಗತ್ಯ. ಆದರೆ ಮೊಟ್ಟೆ ಬಿದ್ದ ಮೇಲಿನ ಮೂರು ವಾರಗಳನ್ನು ಯಾವ ನಿಷೇಧವೂ ಕಾಯುವುದಿಲ್ಲ. ಅದನ್ನು ಕಾಯುವುದು ನೀರಿನ ಶುದ್ಧಿ, ಕಾಂಡ್ಲಾ, ಹರಿದುಬರುವ ಹೊಳೆ.

ಹಾಗಾಗಿ ಎರಡು ಮಾತು. ಪಂಜರ ಕೃಷಿಗೆ ಇಳಿಯುವವರು ಮರಿ ಕೊಳ್ಳುವಾಗ ಎಷ್ಟು ಇಂಚು, ಎಷ್ಟು ರೂಪಾಯಿ ಎಂಬುದರ ಜೊತೆಗೆ, ಪುಡಿ ಆಹಾರಕ್ಕೆ ಯಾವ ದಿನ ಬದಲಿಸಿದಿರಿ, ಎಷ್ಟು ಸಲ ಗ್ರೇಡಿಂಗ್ ಮಾಡಿದಿರಿ ಎಂದೂ ಕೇಳಿ. ಅಳಿವೆಯ ದಂಡೆಯಲ್ಲಿರುವವರು ಕಾಂಡ್ಲಾ ಕಡಿದು ಮಣ್ಣು ತುಂಬಲು ಬಂದವರನ್ನು ತಡೆದು ಪ್ರಶ್ನಿಸಿ, ಪಂಚಾಯಿತಿಗೆ ಬರೆದುಕೊಡಿ.